ಹೂಮಳೆಗೆ ಮುಂಚಿನ ದಿನಗಳು

(ಕೊಡಗಿನ ಸಿದ್ದಾಪುರದಲ್ಲಿ, ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಾದ ತಪಸ್ಸು ಕಾಲದ ಒಂದು ಸಂಜೆ, ಬೇರೆ ಬೇರೆ ಕ್ರೈಸ್ತ ಸಭೆಗಳವರು ಸೇರಿದ್ದಾಗ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಬಂದ ಒಂದು ಪ್ರಶ್ನೆಯನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಕಾಫಿ ಕುಯ್ಲು ಮುಗಿಸಿ, ಕಣ ಗುಡಿಸಿ, ಇನ್ನೂ ಬೆನ್ನು ನೋವು ಇಟ್ಟುಕೊಂಡೇ ಬಂದಿದ್ದೀರಿ. ಅದು ನನಗೆ ಗೊತ್ತು. ಇಲ್ಲಿ ಕೊಂಕಣಿಯವರಿದ್ದೀರಿ, ಮಲಯಾಳದವರಿದ್ದೀರಿ, ತಮಿಳಿನಲ್ಲಿ ಪ್ರಾರ್ಥನೆ ಮಾಡುವವರಿದ್ದೀರಿ. ಫಾದರ್ ಇದ್ದಾರೆ, ನಮ್ಮ ಸಭೆಯ ಪಾಸ್ಟರ್ ಅಯ್ಯನವರೂ ಇದ್ದಾರೆ. ನಾನು ದೇವಶಾಸ್ತ್ರ ಓದಿದವಳಲ್ಲ. ಮಾದಾಪುರದ ಕಡೆ ಸಣ್ಣ ತೋಟ ನೋಡಿಕೊಂಡು, ಭಾನುವಾರ ಮಕ್ಕಳಿಗೆ ಬೈಬಲ್ ಕಥೆ ಹೇಳುವವಳು. ಆದರೆ ಒಳಗೆ ಬತ್ತಿಹೋದ ಮೇಲೆ ಹೊಸ ಬಲ ಹೊಂದುವುದರ ಬಗ್ಗೆ ಮಾತಾಡಿ ಎಂದು ಕೇಳಿದಾಗ ಒಪ್ಪಿಕೊಂಡೆ. ಯಾಕೆಂದರೆ ಒಂದು ಕಾಲದಲ್ಲಿ ನನಗೆ ಇದನ್ನು ಯಾರಾದರೂ ಹೇಳಬೇಕಿತ್ತು, ಹೇಳಿದವರು ಕಡಿಮೆ.

ತಪಸ್ಸು ಕಾಲ ನಮ್ಮ ಕೊಡಗಿನಲ್ಲಿ ಯಾವಾಗ ಬರುತ್ತದೆ ನೋಡಿ. ಫೆಬ್ರವರಿ, ಮಾರ್ಚ್. ಕುಯ್ಲು ಮುಗಿದಿರುತ್ತದೆ, ಮಳೆ ಬಂದಿರುವುದಿಲ್ಲ. ರೋಬಸ್ಟಾ ಕಾಫಿ ಎಲೆಗಳು ಬಿಸಿಲಿಗೆ ಬಾಡಿ ಜೋತು ಬಿದ್ದಿರುತ್ತವೆ. ತರಗೆಲೆ ಮೇಲೆ ಕಾಲಿಟ್ಟರೆ ಸದ್ದಾಗುತ್ತದೆ. ತೋಡಿನಲ್ಲಿ ನೀರು ಗೆರೆಯಷ್ಟು. ಹೊರಗಿನಿಂದ ಬಂದ ನೆಂಟರು ತೋಟ ನೋಡಿ, 'ಏನು, ಗಿಡ ಎಲ್ಲಾ ಒಣಗಿಬಿಟ್ಟಿದೆ?' ಅಂತಾರೆ. ನಾವು ಹಾಗೆ ಹೇಳುವುದಿಲ್ಲ. ನಾವು ರೆಕ್ಕೆ, ಅಂದರೆ ಗಿಡದ ಕೊಂಬೆ, ಎತ್ತಿ ಗಿಣ್ಣಿನ ಹತ್ತಿರ ನೋಡುತ್ತೇವೆ. ಅಲ್ಲಿ ಎಲೆಯ ಬುಡದಲ್ಲಿ ಪುಟ್ಟ ಹಸಿರು ಮೊಗ್ಗು ಗುಂಪಾಗಿ ನಿಂತಿರುತ್ತದೆ, ಮುಚ್ಚಿದ ಬೆರಳುಗಳ ಹಾಗೆ. ಬೆಳೆಯುವುದನ್ನು ನಿಲ್ಲಿಸಿ ಕಾಯುತ್ತಾ ಇರುತ್ತದೆ.

ಇದು ನಿಮಗೆ ಗೊತ್ತಿರುವುದೇ, ಆದರೂ ಹೇಳುತ್ತೇನೆ. ಆ ಮೊಗ್ಗಿಗೆ ಒಣ ದಿನಗಳು ಬೇಕೇ ಬೇಕು. ಜನವರಿಯಿಂದ ಬಿಟ್ಟು ಬಿಟ್ಟು ಮಳೆ ಬರುತ್ತಾ ಇದ್ದರೆ ಹೂ ಒಟ್ಟಿಗೆ ಬಿಡುವುದಿಲ್ಲ, ಹಿಂದೆ ಮುಂದೆ ಆಗುತ್ತದೆ, ಹಣ್ಣೂ ಒಟ್ಟಿಗೆ ಆಗುವುದಿಲ್ಲ. ಕೆಲವು ವಾರ ಚೆನ್ನಾಗಿ ಒಣಗಿ, ಆಮೇಲೆ ಒಂದು ಇಂಚು ಮಳೆ, ನಾವು ಹೂಮಳೆ ಅನ್ನುವುದು, ಬಿದ್ದರೆ, ಎಂಟೋ ಹತ್ತೋ ದಿನಕ್ಕೆ ಇಡೀ ಬೆಟ್ಟ ಬೆಳ್ಳಗಾಗುತ್ತದೆ. ಹಾಗಾದರೆ ಆ ಒಣ ವಾರಗಳಲ್ಲಿ ಗಿಡ ಸುಮ್ನೆ ಇತ್ತಾ? ಇಲ್ಲ ಅಲ್ವಾ. ಒಳಗೆ ಏನೋ ಒಂದು ತಯಾರಾಗುತ್ತಿತ್ತು, ನಮ್ಮ ಕಣ್ಣಿಗೆ ಕಾಣಲಿಲ್ಲ ಅಷ್ಟೇ.

ನನ್ನ ಒಣ ಕಾಲದ ಬಗ್ಗೆ ಸ್ವಲ್ಪ ಹೇಳುತ್ತೇನೆ. 2018ರ ಆಗಸ್ಟಿನ ಮಳೆ, ಭೂಕುಸಿತ ಇಲ್ಲಿರುವ ಯಾರಿಗೂ ಮರೆತಿಲ್ಲ. ನಮ್ಮ ಮನೆ ಹಿಂದಿನ ಬರೆ, ಅಂದರೆ ಕಡಿದಾದ ಮಣ್ಣಿನ ದಿಬ್ಬ, ಕುಸಿಯಿತು. ಮನೆ ಉಳಿಯಿತು, ಜೀವ ಉಳಿಯಿತು. ತೋಟದ ಮೇಲಿನ ಭಾಗ ಮಣ್ಣು, ಮರ, ಗಿಡ ಎಲ್ಲಾ ಒಟ್ಟಿಗೆ ಇಳಿದು ಕೆಳಗಿನ ಗದ್ದೆಯಲ್ಲಿ ಕೂತಿತು. ನನ್ನ ಮಾವನವರು ಕೈಯಾರೆ ನೆಟ್ಟ ಗಿಡಗಳು. ಬೇರೆಯವರಿಗೆ ಹೋಲಿಸಿದರೆ ನಮ್ಮದು ಏನೂ ಅಲ್ಲ. ಹಾಗೆ ನನಗೆ ನಾನೇ ಹೇಳಿಕೊಂಡು ಅಳು ನುಂಗಿದೆ. ಅದು ತಪ್ಪಾಯಿತು ಎಂದು ಈಗ ಅನ್ನಿಸುತ್ತದೆ. ದುಃಖವನ್ನು ತಕ್ಕಡಿಯಲ್ಲಿ ತೂಗಬಾರದು.

ಆಮೇಲೆ ಪ್ರಾರ್ಥನೆ ಹೋಯಿತು. ದೇವರಿಲ್ಲ ಅಂತ ಅನ್ನಿಸಲಿಲ್ಲ. ಸಿಟ್ಟೂ ಇರಲಿಲ್ಲ. ಮೊಣಕಾಲೂರಿದರೆ ಗೋಡೆ ನೋಡಿದ ಹಾಗೆ ಆಗುತ್ತಿತ್ತು. ಆರಾಧನೆಯಲ್ಲಿ ಎಲ್ಲರ ಜೊತೆ ಬಾಯಿ ಆಡಿಸುತ್ತಿದ್ದೆ, ಒಳಗೆ ಏನೂ ಇಲ್ಲ. ಧೈರ್ಯ ಮಾಡಿ ಒಬ್ಬ ಬೋಧಕರ ಹತ್ತಿರ ಹೇಳಿದೆ. ಅವರು, 'ನಿಮ್ಮ ವಿಶ್ವಾಸ ಕಡಿಮೆ ಆಗಿದೆ, ಗುಟ್ಟಾದ ಪಾಪ ಏನಾದರೂ ಇದೆಯಾ ನೋಡಿಕೊಳ್ಳಿ' ಎಂದರು. ಅವತ್ತು ಬಸ್ಸಿನಲ್ಲಿ ಮನೆಗೆ ಬರುವಾಗ ಇಡೀ ದಾರಿ ಹುಡುಕಿದೆ. ಪಾಪ ಯಾರಲ್ಲಿ ಇಲ್ಲ ಹೇಳಿ? ಸಿಕ್ಕಿದವು. ಆದರೆ ಆ ಬಾಗಿಲು ತೆರೆಯಲಿಲ್ಲ.

ಅದಕ್ಕೇ ಇವತ್ತು ನಾನು ಮೊದಲು ಪ್ರವಾದಿ ಏಲೀಯನ ಹತ್ತಿರ ಹೋಗಬೇಕು. ಅರಸುಗಳ ಮೊದಲ ಪುಸ್ತಕ, 19ನೇ ಅಧ್ಯಾಯ. ಅದರ ಹಿಂದಿನ ಅಧ್ಯಾಯದಲ್ಲಿ ಕರ್ಮೆಲ್ ಬೆಟ್ಟದ ಮೇಲೆ ಬೆಂಕಿ ಇಳಿದಿದೆ. ವರ್ಷಗಟ್ಟಲೆ ಬರದ ನಂತರ ಮಳೆ ಬಂದಿದೆ. ಏಲೀಯ ಅರಸನ ರಥದ ಮುಂದೆ ಓಡಿದ್ದಾನೆ. ಅಷ್ಟು ದೊಡ್ಡ ಗೆಲುವು. ಅದಾದ ಮೇಲೆ ರಾಣಿ ಈಜೆಬೆಲಳ ಒಂದು ಬೆದರಿಕೆ ಬರುತ್ತದೆ, ಆತ ಜೀವ ಉಳಿಸಿಕೊಳ್ಳಲು ಓಡುತ್ತಾನೆ. ಬೇರ್ಷೆಬಕ್ಕೆ ಬಂದು ಜೊತೆಯಲ್ಲಿದ್ದ ಸೇವಕನನ್ನು ಅಲ್ಲೇ ಬಿಡುತ್ತಾನೆ. ಈ ಸಾಲನ್ನು ನಾವು ಬೇಗ ಓದಿ ಮುಂದೆ ಹೋಗುತ್ತೇವೆ. ಸ್ವಲ್ಪ ನಿಲ್ಲಿ. ದಣಿದ ಮನುಷ್ಯ ಮಾಡುವ ಮೊದಲ ಕೆಲಸ ಇದೇ. ಜೊತೆಯಲ್ಲಿ ಇರುವವರನ್ನು ಬಿಟ್ಟುಬಿಡುತ್ತಾನೆ. ಫೋನ್ ಎತ್ತುವುದಿಲ್ಲ. ಸಂಘದ ಕೂಟಕ್ಕೆ ಬರುವುದಿಲ್ಲ. 'ಯಾಕೆ ಅವರಿಗೆ ತೊಂದರೆ' ಅಂತಾನೆ. ನಾನೂ ಹಾಗೇ ಮಾಡಿದ್ದೆ.

ಒಬ್ಬನೇ ಒಂದು ದಿನದ ದಾರಿ ಅಡವಿಯೊಳಗೆ ಹೋಗಿ, ಒಂದು ಗಿಡದ ಕೆಳಗೆ ಕೂತು, 'ಸಾಕು ಸ್ವಾಮಿ, ನನ್ನ ಪ್ರಾಣ ತೆಗೆದುಬಿಡು' ಎಂದು ಬೇಡುತ್ತಾನೆ. ಪ್ರವಾದಿಯ ಬಾಯಲ್ಲಿ ಬಂದ ಮಾತು ಇದು. ದೇವರು ಏನು ಮಾಡಿದ? ಬೈದನಾ? ವಿಶ್ವಾಸ ಕಡಿಮೆಯಾಯಿತು ಎಂದನಾ? ಏಲೀಯ ಮಲಗಿ ನಿದ್ದೆ ಮಾಡುತ್ತಾನೆ. ದೇವದೂತ ಬಂದು ಮೈ ಮುಟ್ಟಿ ಎಬ್ಬಿಸಿ, 'ಎದ್ದು ಊಟ ಮಾಡು' ಅನ್ನುತ್ತಾನೆ. ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆಯಲ್ಲಿ ನೀರು. ತಿಂದು ಮತ್ತೆ ಮಲಗುತ್ತಾನೆ. ದೂತ ಎರಡನೇ ಸಲ ಬಂದು ಮತ್ತೆ ಎಬ್ಬಿಸಿ, 'ಇನ್ನೂ ತಿನ್ನು, ದಾರಿ ನಿನ್ನ ಶಕ್ತಿ ಮೀರಿದ್ದು' ಎನ್ನುತ್ತಾನೆ. ಆ ಊಟದ ಬಲದಿಂದ ಆತ 40 ದಿನ ನಡೆದು ಹೋರೇಬ್ ಬೆಟ್ಟ ಮುಟ್ಟುತ್ತಾನೆ.

ಆತ್ಮಿಕ ಬಲ ಅಂದಾಗ ನಾವು ಮೇಲೆ ನೋಡುತ್ತೇವೆ. ಇಲ್ಲಿ ಅದು ಒಲೆಯಿಂದ ಶುರುವಾಯಿತು. ಮೊದಲು ನಿದ್ದೆ, ಆಮೇಲೆ ರೊಟ್ಟಿ, ಮತ್ತೆ ನಿದ್ದೆ, ಮತ್ತೆ ರೊಟ್ಟಿ. ಬೆಟ್ಟದ ಮೇಲೆ ಏಲೀಯ ಕೇಳಿದ ದೇವರ ಆ ಮೆಲ್ಲನೆಯ ದನಿ ಬಂದದ್ದು ಇದೆಲ್ಲಾ ಆದ ಮೇಲೆ. ತಾಯಂದಿರೇ, ಮನೆಯಲ್ಲಿ ಎಲ್ಲರಿಗೂ ಬಡಿಸಿ ನೀವು ತಳದ ಅನ್ನ ಕೆರೆದು ತಿಂದು, ರಾತ್ರಿ ಹನ್ನೊಂದಕ್ಕೆ ಪಾತ್ರೆ ತೊಳೆದು, ಆಮೇಲೆ ಬೈಬಲ್ ಹಿಡಿದರೆ ಕಣ್ಣು ಮುಚ್ಚುತ್ತದೆ ಎಂದು ನನ್ನ ಹತ್ತಿರ ಹೇಳಿಕೊಂಡು ಅಳುತ್ತೀರಿ. ಅದು ಪಾಪ ಅಲ್ಲ. ದಣಿವು. ಬೇಗ ಮಲಗಿ. ಶಿಷ್ಯರಿಗೆ ಊಟ ಮಾಡಲೂ ಬಿಡುವಿಲ್ಲದಾಗ ಯೇಸು ಅವರನ್ನು ಏಕಾಂತಕ್ಕೆ ಕರೆದು ಸ್ವಲ್ಪ ದಣಿವಾರಿಸಿಕೊಳ್ಳಿ ಎಂದ. ಮಾರ್ಕನ ಸುವಾರ್ತೆ 6ನೇ ಅಧ್ಯಾಯದಲ್ಲಿದೆ. ಅದೂ ಅವನ ಆಜ್ಞೆಯೇ.

ಇದರ ಜೊತೆಗೆ ಒಂದು ಮಾತು ಬಿಚ್ಚಿ ಹೇಳಬೇಕು. ಏಲೀಯನ ಹಾಗೆ ಸಾಯಬೇಕು ಅನ್ನಿಸುವಷ್ಟು ಮನಸ್ಸು ಕುಗ್ಗಿದ್ದರೆ, ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಡಾಕ್ಟರ ಹತ್ತಿರ ಹೋಗಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, 14416. ಕನ್ನಡದಲ್ಲೇ ಮಾತಾಡಬಹುದು. ಮಾತ್ರೆ ತೆಗೆದುಕೊಂಡರೆ ವಿಶ್ವಾಸ ಕಡಿಮೆ ಎಂದು ಯಾರಾದರೂ ಹೇಳಿದರೆ, ಕೆಂಡದ ಮೇಲಿನ ಆ ರೊಟ್ಟಿಯನ್ನು ಅವರಿಗೆ ನೆನಪು ಮಾಡಿ.

ಏಲೀಯ ದೇವರ ಹತ್ತಿರ, 'ನಾನೊಬ್ಬನೇ ಉಳಿದಿದ್ದೇನೆ' ಅನ್ನುತ್ತಾನೆ. ಎರಡು ಸಲ ಅನ್ನುತ್ತಾನೆ. ದೇವರು, 'ಬಾಳನೆಂಬ ಅನ್ಯದೇವತೆಗೆ ಮೊಣಕಾಲೂರದ 7000 ಜನ ಇದ್ದಾರೆ' ಅನ್ನುತ್ತಾನೆ. ಮುಂದಿನ ದಾರಿಗೆ ಎಲೀಷನನ್ನು ಕೊಡುತ್ತಾನೆ. ಸೇವಕನನ್ನು ಬಿಟ್ಟು ಬಂದವನಿಗೆ ಒಬ್ಬ ಜೊತೆಗಾರ ಸಿಕ್ಕಿದ.

ಈಗ ಆ ಹೆಸರಾದ ವಾಕ್ಯಕ್ಕೆ ಬರೋಣ. ಯೆಶಾಯ 40ರ ಕೊನೆ. ದೇವರಿಗಾಗಿ ಕಾದವರು ಹೊಸ ಬಲ ಹೊಂದುತ್ತಾರೆ, ಹದ್ದಿನ ಹಾಗೆ ರೆಕ್ಕೆ ಚಾಚಿ ಏರುತ್ತಾರೆ, ಓಡಿದರೂ ದಣಿಯರು, ನಡೆದರೂ ಬಳಲರು. ಇದನ್ನು ಬರೆದದ್ದು ಯಾರಿಗೆ? ಬಾಬಿಲೋನಿನಲ್ಲಿ ಸೆರೆಯಾಗಿದ್ದ, ಊರು ಕಳಕೊಂಡ ಜನರಿಗೆ. 'ನಮ್ಮ ದಾರಿ ದೇವರಿಗೆ ಕಾಣುತ್ತಿಲ್ಲ' ಎಂದು ಗೊಣಗುತ್ತಿದ್ದವರಿಗೆ. ಹೊಸ ಬಲ ಹೊಂದುವುದು ಎಂಬಲ್ಲಿ ಹೀಬ್ರೂವಿನಲ್ಲಿ 'ಹಾಲಫ್' ಎಂಬ ಮೂಲದ ಕ್ರಿಯಾಪದ ಇದೆಯಂತೆ. ಅಯ್ಯನವರ ಹತ್ತಿರ ಕೂತು ಕೇಳಿ ತಿಳಿದುಕೊಂಡೆ. ಬದಲಾಯಿಸಿಕೊಳ್ಳುವುದು ಅಂತ ಅದರ ಅರ್ಥ. ಯೋಸೇಫ ಸೆರೆಮನೆಯಿಂದ ಹೊರಬಂದು ಫರೋಹನ ಮುಂದೆ ನಿಲ್ಲುವ ಮುಂಚೆ ಬಟ್ಟೆ ಬದಲಾಯಿಸಿಕೊಂಡ ಎನ್ನುವಲ್ಲೂ ಅದೇ ಮಾತು. ಅಂದರೆ ನಮ್ಮ ಹಳೇ ಬಲವನ್ನೇ ಹಿಂಡಿ ಹಿಂಡಿ ಇನ್ನಷ್ಟು ತೆಗೆಯಬೇಕಾಗಿಲ್ಲ. ಬೆವರಿನ ಅಂಗಿ ಬಿಚ್ಚಿ, ಕೊಟ್ಟದ್ದನ್ನು ಹಾಕಿಕೊಳ್ಳಬೇಕು.

ಇನ್ನೊಂದು ಕಡೆ ಇದೇ ಪದ ಬಂದಿದೆ, ಅದನ್ನು ಕೇಳಿದಾಗ ನನ್ನ ಮೈ ಜುಮ್ಮೆಂದಿತು. ಯೋಬ 14ನೇ ಅಧ್ಯಾಯ. ಮರಕ್ಕಾದರೂ ನಿರೀಕ್ಷೆ ಇದೆ, ಕಡಿದರೂ ಮತ್ತೆ ಚಿಗುರುತ್ತದೆ, ನೀರಿನ ವಾಸನೆ ಬಂದರೆ ಸಾಕು ಅನ್ನುತ್ತಾನೆ ಯೋಬ. ಆ 'ಮತ್ತೆ ಚಿಗುರುತ್ತದೆ' ಎಂಬಲ್ಲಿ ಇದೇ ಕ್ರಿಯಾಪದ. ನಾವು ಮುದಿ ಕಾಫಿ ಗಿಡವನ್ನು ಬುಡದಿಂದ ಒಂದಡಿ ಬಿಟ್ಟು ಕಡಿಯುತ್ತೇವಲ್ಲ, ಹೊಸದಾಗಿ ಒಂದೆರಡು ಚಿಗುರು ಎಬ್ಬಿಸಲು. ನೋಡುವುದಕ್ಕೆ ಬರೀ ಮೋಟು. ಮೊದಲ ವರ್ಷ ಫಸಲಿಲ್ಲ. ಗೊತ್ತಿಲ್ಲದವರು ಈ ಗಿಡ ಮುಗಿಯಿತು ಅಂತಾರೆ. ಬೇರು ಹಳೆಯದೇ, ಬಲವಾದದ್ದೇ. ಯೋಬ ತನ್ನ ಮಕ್ಕಳನ್ನೆಲ್ಲಾ ಕಳಕೊಂಡು ಬೂದಿಯಲ್ಲಿ ಕೂತು ಈ ಮಾತು ಆಡಿದ. ಅವನಿಗೆ ಆಗ ಅದು ಮರಕ್ಕೆ ಮಾತ್ರ ನಿಜ, ಮನುಷ್ಯನಿಗಲ್ಲ ಅನ್ನಿಸಿತ್ತು. ಅದೇ ಅಧ್ಯಾಯದಲ್ಲಿ ಹಾಗಂತಲೂ ಹೇಳಿದ್ದಾನೆ. ಬೈಬಲ್ ಅದನ್ನು ಅಳಿಸಲಿಲ್ಲ. ಹಾಗೇ ಇಟ್ಟಿದೆ.

ಕೀರ್ತನೆಗಳೂ ಹಾಗೇ. 88ನೇ ಕೀರ್ತನೆ ಓದಿದ್ದೀರಾ? ಬೇರೆ ದುಃಖದ ಕೀರ್ತನೆಗಳು ಬಹುಮಟ್ಟಿಗೆ ಕೊನೆಯಲ್ಲಿ ಸ್ತುತಿಗೆ ತಿರುಗುತ್ತವೆ. ಇದು ತಿರುಗುವುದಿಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಆದರೂ ಅದು ಪ್ರಾರ್ಥನೆ. ಪ್ರಾರ್ಥಿಸಲು ಆಗದ ದಿನಗಳಲ್ಲಿ ನಾನು ಅದನ್ನೇ ಓದುತ್ತಿದ್ದೆ, ಜೋರಾಗಿ, ಅಡುಗೆಮನೆಯಲ್ಲಿ ನಿಂತುಕೊಂಡು. ನನ್ನ ಹತ್ತಿರ ಮಾತಿರಲಿಲ್ಲ, ಅಲ್ಲಿತ್ತು.

ಮದರ್ ತೆರೇಸಾ ನಮ್ಮೆಲ್ಲರ ಮನೆಯ ಕ್ಯಾಲೆಂಡರಿನಲ್ಲಿ ನಗುತ್ತಾ ಇರುತ್ತಾರೆ. ಅವರು 1997ರಲ್ಲಿ ತೀರಿಕೊಂಡರು. ಹತ್ತು ವರ್ಷ ಬಿಟ್ಟು, 2007ರಲ್ಲಿ, ಅವರು ತಮ್ಮ ಗುರುಗಳಿಗೆ ಬರೆದ ಕಾಗದಗಳು ಪ್ರಕಟವಾದವು. ಕಲ್ಕತ್ತದ ಬೀದಿಯಲ್ಲಿ ಕೆಲಸ ಶುರುಮಾಡಿದ ಕಾಲದಿಂದ ಹತ್ತಿರ ಹತ್ತಿರ 50 ವರ್ಷ, ನಡುವೆ ಸ್ವಲ್ಪ ಕಾಲ ಬಿಟ್ಟರೆ, ಒಳಗೆ ದೇವರ ಸನ್ನಿಧಿ ಅನ್ನಿಸದೇ ಅವರು ಬದುಕಿದರು ಎಂದು ಆಗ ಜಗತ್ತಿಗೆ ಗೊತ್ತಾಯಿತು. ಕೆಲವರು, ನೋಡಿ, ಅವರಿಗೇ ವಿಶ್ವಾಸ ಇರಲಿಲ್ಲ ಎಂದರು. ನನಗೆ ಹಾಗೆ ಕಾಣಲಿಲ್ಲ. ಬೆಳಿಗ್ಗೆ ಎದ್ದು ಬಲಿಪೂಜೆಗೆ ಹೋಗಿ, ಆಮೇಲೆ ಸಾಯುತ್ತಿರುವವರ ಹುಣ್ಣು ತೊಳೆದವರು. ಏನೂ ಅನ್ನಿಸದಿದ್ದಾಗಲೂ ಮಾಡಿದವರು. ಅನ್ನಿಸುವುದು ಬೇರೆ, ಹಿಡಿದುಕೊಂಡು ಇರುವುದು ಬೇರೆ. ಇವೆರಡನ್ನು ಒಂದೇ ಎಂದುಕೊಂಡು ನಾವು ಎಷ್ಟು ಒಳ್ಳೇ ಜನರನ್ನು ನೋಯಿಸುತ್ತೇವೆ!

ನಮ್ಮ ಜಿಲ್ಲೆಯ ಕಥೆಯೂ ಇದೇ ಹೇಳುತ್ತದೆ. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕೊಂಕಣಿ ಕ್ರೈಸ್ತ ಕುಟುಂಬಗಳಿಗೆ ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ ವಿರಾಜಪೇಟೆಯಲ್ಲಿ ಜಾಗ ಕೊಟ್ಟ. 1792ರಲ್ಲಿ ಶುರುವಾದ ಸಂತ ಅನ್ನಮ್ಮನವರ ಚರ್ಚಿನ ಮೂಲ ಅದು. ಈಗ ಅಲ್ಲಿ ಎತ್ತರದ ಗೋಪುರ ಕಾಣುತ್ತದೆ. ಆ ಮೊದಲ ದಿನಗಳನ್ನು ನೆನೆಸಿಕೊಳ್ಳಿ. ಊರು ಬಿಟ್ಟು ವರ್ಷಗಳಾದ ಜನ. ಅವರಿಗೆ ಮೊದಲು ಬೇಕಾದದ್ದು ಕಾಲಿಡಲು ನೆಲ. ಅದನ್ನು ಕೊಟ್ಟ ಕೈ ಕ್ರೈಸ್ತರದ್ದಲ್ಲ. ಏಲೀಯನ ಹತ್ತಿರ ರೊಟ್ಟಿ ತಂದ ದೂತನನ್ನು ನೀನು ಯಾವ ಸಭೆಯವನು ಎಂದು ಕೇಳಲಾಗುತ್ತದಾ? 2018ರಲ್ಲಿ ಪರಿಹಾರ ಕೇಂದ್ರದಲ್ಲಿ ನನ್ನ ತಟ್ಟೆಗೆ ಅನ್ನ ಹಾಕಿದವರ ಹೆಸರು, ಜಾತಿ, ಧರ್ಮ ನನಗೆ ಇವತ್ತಿಗೂ ಗೊತ್ತಿಲ್ಲ.

ಮಡಿಕೇರಿ ಕೋಟೆಯೊಳಗೆ ಬ್ರಿಟಿಷರ ಕಾಲದ ಸಂತ ಮಾರ್ಕನ ಚರ್ಚಿದೆ. ಈಗ ಅದು ಮ್ಯೂಸಿಯಂ. ಕಟ್ಟಡ ಚೆನ್ನಾಗಿಯೇ ಇದೆ, ಕಾಪಾಡಿದ್ದಾರೆ, ಒಳ್ಳೆಯದೇ. ಆದರೆ ಅಲ್ಲಿ ಯಾರೂ ಮೊಣಕಾಲೂರುವುದಿಲ್ಲ. ಪ್ರತಿ ಸಲ ಅಲ್ಲಿಗೆ ಹೋದಾಗ ನನಗೆ ನನ್ನದೇ ಭಯವಾಗುತ್ತದೆ. ಹಳೇ ಅನುಭವವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು, 'ಆ ವರ್ಷ ಆ ಕೂಟದಲ್ಲಿ ದೇವರು ನನ್ನನ್ನು ಮುಟ್ಟಿದ' ಎಂದು ತೋರಿಸಿಕೊಂಡು ಬದುಕಿಬಿಡುತ್ತೇನಾ ಅಂತ. ಅಡವಿಯಲ್ಲಿ ಇಸ್ರಾಯೇಲರಿಗೆ ಸಿಕ್ಕ ಮನ್ನವನ್ನು ಮರುದಿನಕ್ಕೆ ಎತ್ತಿಟ್ಟರೆ ಹುಳ ಬೀಳುತ್ತಿತ್ತು. ಪೌಲನೂ, ಹೊರಗಿನ ದೇಹ ಸವೆದರೂ ಒಳಗಿನದು ದಿನೇ ದಿನೇ ಹೊಸದಾಗುತ್ತದೆ ಎನ್ನುತ್ತಾನೆ. ದಿನೇ ದಿನೇ. ವರ್ಷಕ್ಕೊಂದು ಕೂಟದಲ್ಲಿ ಆಗಿ ಮುಗಿಯುವುದಲ್ಲ.

ದೊಡ್ಡ ಕೂಟಗಳ ಮೇಲೆ ನನಗೆ ಸಿಟ್ಟಿಲ್ಲ. ಹೋಗಿದ್ದೇನೆ, ಅತ್ತಿದ್ದೇನೆ, ಒಳ್ಳೆಯದೂ ಆಗಿದೆ. ಆದರೆ ತೋಟದವರು ನೀವು, ನಿಮಗೆ ಗೊತ್ತು. ನಾಲ್ಕು ಹನಿ ಬಿದ್ದು ನಿಂತರೆ ಮೊಗ್ಗು ಅರ್ಧಂಬರ್ಧ ತೆರೆದು ಕೆಟ್ಟುಹೋಗುತ್ತದೆ. ಹೂಮಳೆ ಚೆನ್ನಾಗಿ ಬಿದ್ದರೂ, ಹದಿನೈದು ಇಪ್ಪತ್ತು ದಿನದಲ್ಲಿ ಇನ್ನೊಂದು ಮಳೆ, ಬ್ಯಾಕಿಂಗ್ ಮಳೆ, ಬೇಕು, ಇಲ್ಲದಿದ್ದರೆ ಕಾಯಿ ಸರಿಯಾಗಿ ಕಚ್ಚುವುದಿಲ್ಲ. ಕೂಟದಲ್ಲಿ ಮನಸ್ಸು ಅರಳಿದ ಹುಡುಗನ ಮನೆಗೆ ಎರಡು ವಾರ ಬಿಟ್ಟು ಯಾರು ಹೋಗುತ್ತೀರಿ? ಅವನ ಜೊತೆ ಒಂದು ಲೋಟ ಕಾಫಿ ಕುಡಿದು, 'ಹೇಗಿದ್ದೀಯ ಮಗ?' ಅಂತ ಯಾರು ಕೇಳುತ್ತೀರಿ? ಬ್ಯಾಕಿಂಗ್ ಮಳೆ ಅಂದರೆ ಅದು.

ಇನ್ನು ದಿನದ ಅಭ್ಯಾಸದ ಬಗ್ಗೆ. ಉದ್ದ ಪಟ್ಟಿ ಕೊಡುವುದಿಲ್ಲ, ಪಟ್ಟಿ ಕೊಟ್ಟರೆ ದಣಿದವರು ಇನ್ನೂ ದಣಿಯುತ್ತಾರೆ. ಒಂದು ಕೀರ್ತನೆ, ದಿನಾ ಒಂದೇ ಹೊತ್ತಿಗೆ, ಬಾಯಿ ಬಿಟ್ಟು ಓದಿ. ನಿಮ್ಮ ಸಭೆಯಲ್ಲಿ ಜಪಸರ ಇದ್ದರೆ ಅದನ್ನು ಹಿಡಿಯಿರಿ. ಮನಸ್ಸು ನಿಲ್ಲದಿದ್ದರೂ ಬೆರಳು ಮಣಿಯಿಂದ ಮಣಿಗೆ ಹೋಗುತ್ತದೆ, ಅದೂ ಪ್ರಾರ್ಥನೆಯೇ. ಮತ್ತೆ, ನಿಮ್ಮ ನಿಜವಾದ ಸ್ಥಿತಿ ಗೊತ್ತಿರುವ ಒಬ್ಬ ಮನುಷ್ಯ ಇರಲಿ. ಒಬ್ಬರು ಸಾಕು.

ಮಾತು ಮುಗಿಸಿ ಕೂತೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದ. ಇಪ್ಪತ್ತೈದು ದಾಟಿರಲಿಲ್ಲ. 'ಆಂಟಿ, ಒಣಗಿದ ಮೇಲೆ ಮಳೆ ಬರುತ್ತೆ ಅಂದ್ರಿ. ಬರದೇ ಹೋದ್ರೆ?' ಎಂದು ಕೇಳಿದ. ಹಾಲ್ ನಿಶ್ಶಬ್ದವಾಯಿತು. ಅವನು ಬರೀ ಮಳೆಯ ಬಗ್ಗೆ ಕೇಳುತ್ತಿಲ್ಲ ಎಂದು ಅವನ ಮುಖ ನೋಡಿದರೆ ತಿಳಿಯುತ್ತಿತ್ತು.

ನಾನು ಅವನಿಗೆ ಹೇಳಿದ್ದನ್ನು ಇಲ್ಲಿ ಬರೆಯುತ್ತೇನೆ.

ಬರದೇ ಹೋಗುವುದುಂಟು ಮಗ. ಬರೆ ಕುಸಿದ ಮರುವರ್ಷ ನಮ್ಮ ತೋಟಕ್ಕೆ ಬರಲಿಲ್ಲ. ಕೊಡಗಿನ ಮಳೆ ನಿನಗೆ ಗೊತ್ತಲ್ಲ, ರಸ್ತೆ ಆಚೆ ಸುರಿಯುತ್ತೆ, ಈಚೆ ಒಂದು ಹನಿ ಇಲ್ಲ. ನಮ್ಮ ಕೆರೆ ಮಣ್ಣು ತುಂಬಿ ಮುಚ್ಚಿಹೋಗಿತ್ತು. ಮೋಟಾರಿಗೆ ಹಾಕಲು ದುಡ್ಡೂ ಇರಲಿಲ್ಲ. ಒಂದು ಸಂಜೆ ಪಕ್ಕದ ತೋಟದ ಅಣ್ಣ ನಾಲ್ಕು ಜನ ಕೆಲಸದವರ ಜೊತೆ ಅಲ್ಯೂಮಿನಿಯಂ ಪೈಪು ಹೊತ್ತುಕೊಂಡು ಬೇಲಿ ದಾಟಿ ಬಂದರು. 'ನಮ್ಮದು ಹೊಡೆದು ಆಯ್ತು ಅಕ್ಕ, ಕೆರೆಯಲ್ಲಿ ಇನ್ನೂ ಒಂಚೂರು ನೀರಿದೆ' ಎಂದರು ಅಷ್ಟೇ. ಅವರ ಸ್ವಂತ ಗಿಡಕ್ಕೆ ಎರಡನೇ ಸಲಕ್ಕೆ ಬೇಕಾಗಿದ್ದ ನೀರು ಅದು. ನನಗೆ ಆಮೇಲೆ ತಿಳಿಯಿತು. ರಾತ್ರಿಯಿಡೀ ನೀರು ಚಿಮ್ಮುವ ಸ್ಪ್ರಿಂಕ್ಲರ್ ಜೆಟ್ ತಿರುಗಿತು. ನಾನು ಮೆಟ್ಟಿಲ ಮೇಲೆ ಕೂತು ಅದರ ಸದ್ದು ಕೇಳುತ್ತಾ ಇದ್ದೆ. ಟಕ್ ಟಕ್ ಟಕ್ ಎಂದು ಒಂದು ಸುತ್ತು, ಎಲೆಗಳ ಮೇಲೆ ನೀರು ಬೀಳುವ ಸದ್ದು, ಮತ್ತೆ ಟಕ್ ಟಕ್. ಒಣ ಮಣ್ಣಿನ ವಾಸನೆ ಎದ್ದು ಬಂತು.

ಅವತ್ತೂ ನನಗೆ ಪ್ರಾರ್ಥನೆ ಬರಲಿಲ್ಲ. ಒಂಬತ್ತನೇ ದಿನ ಬೆಳಿಗ್ಗೆ ಬಾಗಿಲು ತೆಗೆದೆ. ಉಳಿದಿದ್ದ ಅಷ್ಟೂ ಗಿಡ ಬೆಳ್ಳಗಿತ್ತು, ಜೇನು ಮುತ್ತಿಕೊಂಡಿತ್ತು. ಮಲ್ಲಿಗೆಯ ಹಾಗಿರುವ ಆ ವಾಸನೆ ಮನೆಯೊಳಗೆಲ್ಲಾ ತುಂಬಿತು. ಚಪ್ಪಲಿ ಹಾಕದೇ ಅಂಗಳಕ್ಕೆ ಇಳಿದು, 'ಸ್ತೋತ್ರ ಸ್ವಾಮಿ' ಎಂದೆ. ತಿಂಗಳುಗಳ ನಂತರ ಒಳಗಿನಿಂದ ಬಂದ ಮೊದಲ ಮಾತು ಅದು. ಆಮೇಲೆ ಬೇಲಿ ಹತ್ತಿರ ಹೋಗಿ ಆ ಅಣ್ಣನನ್ನು ಕೂಗಿದೆ, ಬಂದು ನೋಡಲಿ ಅಂತ.

ಕೂಟ ಮುಗಿದ ಮೇಲೆ ಆ ಹುಡುಗ ಬಾಗಿಲ ಹತ್ತಿರ ನನಗಾಗಿ ನಿಂತಿದ್ದ. ಅಯ್ಯನವರೂ ಬಂದರು. ಮೂವರೂ ಅಲ್ಲೇ ಮೆಟ್ಟಿಲ ಮೇಲೆ ಕೂತೆವು.